ಗೌರಿ ಹಬ್ಬಕ್ಕೆ ಬಂದವಳು

ಗಂಡನನ್ನು ಬಿಟ್ಟು ಕೇರಳದ ಮಾನಂದವಾಡಿಯಿಂದ ಬಂದು ತವರೂರಿನ ಹತ್ತಿರದ ಹ್ಯಾಂಡ್‌ಪೋಸ್ಟ್‌ನಲ್ಲಿ ಬಸ್ಸಿಳಿದಾಗ ನನ್ನ ಕಂಕುಳಲ್ಲಿ ಎರಡೂವರೆ ವರ್ಷದ ಮಗಳಿದ್ದಳು. ಕಾದಿದ್ದ ಅವ್ವ ಊಟ ಆಯ್ತಾ ಅಂತಲೂ ಕೇಳಲಿಲ್ಲ. "ಯಾರಾರ ಕೇಳುದ್ರೆ ಗೌರಿ ಅಬ್ಬಕ್ಕೆ ಬಂದಿವ್ನಿ ಅನ್ನು. ಮಿಕ್ಕಿದ್ದು ಆಮೇಲೆ ನೋಡಾನ" ಎಂದಳು.

ಗೌರಿ ಹಬ್ಬಕ್ಕೆ ತವರಿಗೆ ಬರುವುದು ಪದ್ಧತಿ. ಹಾಗೆ ಬಂದವಳು ದಸರಾಕ್ಕೂ ಇದ್ದೆ, ದೀಪಾವಳಿಗೂ ಇದ್ದೆ. ಎರಡು ವರ್ಷ ನೆಪ ಹೇಳೋಕೆ ಯಾವ ಹಬ್ಬವೂ ಅವ್ವನಿಗೆ ಕೈಕೊಡಲಿಲ್ಲ. ಮಗಳನ್ನು ಅಂಗನವಾಡಿಗೆ ಹಾಕೋಣ ಅಂದರೆ, "ರಿಜಿಸ್ಟ್ರಿಗೆ ಎಸ್ರು ಬಿದ್ರೆ ಊರ್ಗೆಲ್ಲ ಡಂಗುರ ವೊಡ್ದಂಗೆ, ಬುಡು" ಅನ್ನೋಳು. ಪಕ್ಕದ ಮನೆಯ ಅಕ್ಕ ವಾರಕ್ಕೊಮ್ಮೆ "ಯಾವಾಗವ್ವ ವಾಪಸ್ಸು?" ಎಂದು ಕೇಳುತ್ತಿದ್ದಳು. "ನಾಡಿದ್ದು ಕಣಕ್ಕ" ಅಂತಿದ್ದೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ.

ಆಮೇಲೆ ಗಂಡ ಮಗಳನ್ನು ಕಳಿಸು ಅಂತ ಹಟ ಹಿಡಿದ. ಮಗಳು ನನ್ನ ಹತ್ತಿರವೇ ಇರಲಿ ಎಂದು ನಾನು ಹುಣಸೂರಿನಲ್ಲಿ ಕೇಸು ಹಾಕಿದೆ. ಮಗು ಕೇರಳದ್ದು, ಕೇಸೂ ಅಲ್ಲೇ ನಡೀಬೇಕು ಎಂದು ಅವನ ಕಡೆಯವರು ತಕರಾರು ತೆಗೆದರು. ಅವರ ಊರಿಗೆ ಕೇಸು ಹೋದರೆ ಮಗಳೂ ಹೋದಳು ಅಂತಲೇ ನನಗೆ ಭಯ. ಮಗು ಮಾಮೂಲಾಗಿ ಎಲ್ಲಿ ವಾಸವಿದೆಯೋ ಅಲ್ಲಿನ ಕೋರ್ಟಿಗೇ ಅಧಿಕಾರ ಎಂದು ನಮ್ಮ ಲಾಯರು ಧೈರ್ಯ ಹೇಳಿದರು. "ಅಕ್ಕಪಕ್ಕದವರನ್ನ ಸಾಕ್ಷಿಗೆ ಕರ್ಕೊಂಡು ಬನ್ನಿ, ಸಾಕು."

ಪಕ್ಕದ ಮನೆಯ ಅಕ್ಕ ಸುಳ್ಳು ಹೇಳುವವಳಲ್ಲ. ಕಟಕಟೆ ಹತ್ತಿ, "ಅಬ್ಬಕ್ಕೆ ಬಂದೌಳೆ ಸ್ವಾಮಿ. ನಾಡಿದ್ದು ಓಯ್ತಾಳಂತೆ" ಎಂದಳು. ಗಂಡನ ಲಾಯರು ಆಕೆಯನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ, ಕೈಮುಗಿದು ಕಳಿಸಿದರು. ಬಯ್ಯೋಣ ಅಂದರೆ ನನಗೆ ಯಾರನ್ನು ಬಯ್ಯಬೇಕೋ ತಿಳಿಯಲಿಲ್ಲ.

ಮುಂದಿನ ಸಾಕ್ಷಿ ಅವ್ವ. ಊರಿನ ನಾಲ್ಕೈದು ಜನ ಹಿಂದೆ ಕೂತಿದ್ದರು. ಅವರನ್ನೊಮ್ಮೆ ನೋಡಿ ಅವ್ವ ಸೆರಗು ಸರಿಮಾಡಿಕೊಂಡಳು. ಇನ್ಯಾವ ಹಬ್ಬ ಹೇಳುತ್ತಾಳೋ ಎಂದು ನಾನು ತಲೆ ತಗ್ಗಿಸಿದೆ.

"ಆ ಸುಳ್ಳು ನಂದು ಸ್ವಾಮಿ. ಮಗ್ಳು ಗಂಡನ್ನ ಬುಟ್ಟು ಬಂದೌಳೆ ಅನ್ನಕ್ಕೆ ನಾಚ್ಕೆ ಆಯ್ತು. ಎಲ್ಡು ವರ್ಸದಿಂದ ಆ ಕೂಸು ನನ್ ಮಗ್ಗುಲಲ್ಲೇ ಮಲಗೋದು. ಇವ್ಳು ಎಲ್ಲೂ ಓಗಲ್ಲ. ನಾನೇ ಕಳ್ಸಲ್ಲ."

ಕೇಸು ಹುಣಸೂರಿನಲ್ಲೇ ನಡೆಯಲಿ ಎಂದು ಆಮೇಲೆ ಆದೇಶವಾಯಿತು. ಆದರೆ ನಾನು ಅತ್ತಿದ್ದು ಅವತ್ತಲ್ಲ, ಅವ್ವ ಕಟಕಟೆಯಲ್ಲಿದ್ದಾಗ. ನಾನೇ ಕಳಿಸಲ್ಲ ಅನ್ನುವ ಮಾತನ್ನು ಅವಳು ಮನೆಯಲ್ಲಿ ಒಂದು ದಿನವೂ ನನಗೆ ಹೇಳಿರಲಿಲ್ಲ.