ಶ್ರಾವಣದ ಹರಕೆ, ಮಹಾದೇವಿಯ ಕಾಲ್ಬೆರಳು

ಕೊರೊನಾ ಕಳೆದ ಮರುವರ್ಷ ನಾನು ಗಡಿಯಾಚೆಯ ಉದಗೀರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಡಯಟೀಷಿಯನ್ ಆಗಿದ್ದೆ. ಸೋಮವಾರ ಉಮರ್ಗಾಕ್ಕೂ ಗುರುವಾರ ನಿಲಂಗಾಕ್ಕೂ ಹೋಗಿ ರೋಗಿಗಳನ್ನು ನೋಡಬೇಕಿತ್ತು. ಡಯಟೀಷಿಯನ್ ಎಂದರೆ ರುಚಿಯಾದದ್ದನ್ನೆಲ್ಲ ಬಿಡಿಸುವ ಹೆಂಗಸು ಎಂದು ನಮ್ಮ ಕಡೆಯ ಜನ ನಂಬಿದ್ದಾರೆ. ಪೂರ್ತಿ ಸುಳ್ಳೇನಲ್ಲ. ನನ್ನ ತವರು ಭಾಲ್ಕಿಯ ಕಡೆ. ಮರಾಠಿ ನಡೆಯುವ ಆಸ್ಪತ್ರೆಯಲ್ಲಿ ಯಾರಾದರೂ ಕನ್ನಡದಲ್ಲಿ ನೋವು ಹೇಳಿಕೊಂಡರೆ ಸಿಸ್ಟರ್‌ಗಳು ಅವರನ್ನು ನೇರ ನನ್ನ ಕೋಣೆಗೆ ಕಳಿಸುತ್ತಿದ್ದರು. ಮಹಾದೇವಿಯೂ ಹಾಗೆಯೇ ಬಂದಳು.

ವಲಾಂಡಿಯ ಒಕ್ಕಲು ಮನೆತನದ ಹೆಂಗಸು, ವಯಸ್ಸು ನಲವತ್ತನಾಲ್ಕು. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ, ಬಲಗಾಲಿಗೆ ಬಟ್ಟೆ ಕಟ್ಟಿತ್ತು. ಬೇಸಿಗೆಯಲ್ಲಿ ಬಿತ್ತನೆಗೆ ಹೊಲ ಹಸನು ಮಾಡುವಾಗ ಹೆಬ್ಬೆರಳಿಗೆ ಹಳೆ ಬೆಳೆಯ ಕೂಳೆ ಚುಚ್ಚಿ ಆದ ಗಾಯ ಎರಡು ತಿಂಗಳಾದರೂ ಮಾಯ್ದಿರಲಿಲ್ಲ. ಖಾಲಿ ಹೊಟ್ಟೆಯ ಸಕ್ಕರೆ 240 ಇತ್ತು. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ಗಾಯ ಮಾಯುವುದಿಲ್ಲ, ಕೀವು ತುಂಬುತ್ತದೆ. ಡಾಕ್ಟರು ಮಾತ್ರೆ ಬರೆದರು, ನಾನು ಊಟದ ಚೀಟಿ ಬರೆದೆ. ಹೊತ್ತಿಗೆ ಎರಡು ಜೋಳದ ರೊಟ್ಟಿ, ಹೆಸರುಬೇಳೆ, ಸೊಪ್ಪು, ಮಜ್ಜಿಗೆ. ಮೂರು ಹೊತ್ತೂ ತಪ್ಪಿಸದೆ ಉಣ್ಣಬೇಕು, ಏಕೆಂದರೆ ಗಾಯ ತುಂಬಲು ಪ್ರೋಟೀನ್ ಬೇಕು.

ಆಷಾಢ ಮುಗಿಯುವ ಹೊತ್ತಿಗೆ ಸಕ್ಕರೆ 150ರ ಆಸುಪಾಸಿಗೆ ಇಳಿಯಿತು. ಗಾಯದ ತಳದಲ್ಲಿ ಕೆಂಪು ಮಾಂಸ ಕಾಣಿಸಿತು. ನಾನು ಒಳಗೊಳಗೇ ಬೀಗಿದೆ.

ಶ್ರಾವಣದ ಎರಡನೆಯ ವಾರ ಅವಳು ಕುಂಟುತ್ತ ಬಂದಳು. ಸಕ್ಕರೆ 290. ಬೆರಳಿನ ತುದಿ ಕಪ್ಪಾಗಲು ಶುರುವಾಗಿತ್ತು. ಡಾಕ್ಟರು ಮಾತ್ರೆಯ ಡೋಸ್ ಏರಿಸಿದರು. ಸರ್ಜನ್ ಬಂದು ನೋಡಿ, ಹದಿನೈದು ದಿನದಲ್ಲಿ ಸಕ್ಕರೆ ಹತೋಟಿಗೆ ಬಾರದಿದ್ದರೆ ಬೆರಳು ತೆಗೆಯಬೇಕು, ಅಲ್ಲಿಗೇ ನಿಲ್ಲುತ್ತದೆಂದು ಹೇಳಲಾರೆ ಎಂದರು. ನಾನು ಅವಳನ್ನು ಕೂರಿಸಿಕೊಂಡು ಕೇಳಿದೆ.

"ಮ್ಯಾಡಂ, ಈಗ ಹಗಲ ಹೊತ್ತು ರೊಟ್ಟೀನೂ ಬಿಟ್ಟೀನ್ರಿ. ಚಂಜೀತನಕ ಒಂದ್ ತುತ್ತು ಉಣ್ಣಂಗಿಲ್ಲ. ಇನ್ನೇನ್ ಬಿಡ್ಲಿ ಹೇಳ್ರಿ," ಎಂದಳು. ಕಣ್ಣಲ್ಲಿ ನೀರಿತ್ತು. ಸುಳ್ಳು ಹೇಳುವ ಮುಖವಲ್ಲ ಅದು. ಆದರೆ ಸಕ್ಕರೆ ಅಳೆಯುವ ಮೀಟರೂ ಸುಳ್ಳು ಹೇಳುವುದಿಲ್ಲವಲ್ಲ. ಊಟ ಬಿಟ್ಟರೆ ಸಕ್ಕರೆ ಇಳಿಯಬೇಕು, ಇದು ಏರುತ್ತಿದೆ. ಮೇಲಾಗಿ ನಡುಹಗಲಿಗೆ ತಲೆ ತಿರುಗಿ ಎರಡು ಸಲ ಬಿದ್ದಿದ್ದಳಂತೆ. ಮನೆಯಲ್ಲಿ ಅತ್ತೆ ಕಟ್ಟುನಿಟ್ಟಿನವರು ಎಂಬುದೂ ಮಾತಿನ ನಡುವೆ ಬಂತು. ಸೊಸೆಗೆ ಹೊತ್ತಿಗೆ ಸರಿಯಾದ ಊಟ ಕೊಡುತ್ತಿಲ್ಲವೇನೋ ಎಂದು ನನ್ನ ಅನುಮಾನ ಕೂಡಲೇ ಅವರತ್ತ ತಿರುಗಿತು.

ಆ ಗುರುವಾರ ಮಧ್ಯಾಹ್ನ ನಿಲಂಗಾದಿಂದ ಮರಳುವಾಗ ವಲಾಂಡಿಯಲ್ಲಿ ಬಸ್ಸಿಳಿದೆ. ಅತ್ತೆಗೆ ನಾಲ್ಕು ಮಾತು ಹೇಳಿಯೇ ಹೋಗಬೇಕೆಂದು ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡಿದ್ದೆ. ಅತ್ತೆ ಗುರಮ್ಮ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಬತ್ತಿ ಹೊಸೆಯುತ್ತಿದ್ದರು. ಎಪ್ಪತ್ತು ದಾಟಿದ, ಒಣಕಲು ಮೈಯ, ಗಟ್ಟಿ ದನಿಯ ಮುದುಕಿ. "ಬಾ ತಂಗಿ, ಕುಂದ್ರು," ಎಂದರು. ಮಹಾದೇವಿ ಒಳಗಿನಿಂದ ನನಗೆ ಚಹಾ ತಂದಳು, ತನಗೊಂದು ತಾಟು. ತಾಟಿನ ತುಂಬ ಸಾಬುದಾಣಿ ಎಂಬ ಸಬ್ಬಕ್ಕಿಯ ಖಿಚಡಿ, ಅದರೊಳಗೆ ಆಲೂಗಡ್ಡೆ, ಪಕ್ಕದಲ್ಲಿ ಎರಡು ರಾಜಗಿರಿ ಲಾಡು, ಒಂದು ಹಿಡಿ ಖಜೂರ.

"ಇದೇನು ಮಹಾದೇವಿ?"

"ಉಪಾಸದ ಫರಾಳ್ರಿ. ಶ್ರಾವಣ ಅಲ್ಲೇನ್ರಿ? ತಿಂಗಳಿಡೀ ಒಪ್ಪತ್ತು. ಚಂಜಿಕ ಪೂಜಿ ಆದ ಮ್ಯಾಲ ಊಟ."

"ಆಸ್ಪತ್ರ್ಯಾಗ ಯಾಕ ಹೇಳ್ಲಿಲ್ಲ?"

"ಊಟದ್ದು ಕೇಳಿದ್ರಿ, ಹೇಳ್ದೆ. ಉಪಾಸದ್ದು ಯಾರೂ ಕೇಳ್ಲಿಲ್ಲ." ಅವಳ ದನಿಯಲ್ಲಿ ಒಂದಿಷ್ಟೂ ಕಪಟವಿರಲಿಲ್ಲ.

ನನಗೆ ಎಲ್ಲವೂ ಒಮ್ಮೆಲೇ ಅರ್ಥವಾಯಿತು. ಬೆಳಗಿನ ಮಾತ್ರೆ ನುಂಗಿ ನಡುಹಗಲಿನವರೆಗೆ ಬರೀ ಹೊಟ್ಟೆ, ಅದಕ್ಕೇ ತಲೆ ತಿರುಗುತ್ತಿತ್ತು. ಆಮೇಲೆ ಈ ತಾಟು. ಸಾಬುದಾಣಿ ಎಂದರೆ ಹೆಚ್ಚುಕಡಿಮೆ ಬರೀ ಪಿಷ್ಟ, ಹೊಟ್ಟೆಗೆ ಹೋಗಿ ಬೇಗನೆ ಸಕ್ಕರೆಯಾಗುತ್ತದೆ. ನನ್ನ ಚೀಟಿಯ ಎರಡು ರೊಟ್ಟಿಯನ್ನು ದೇವರ ಮೇಲಿನ ಭಕ್ತಿಯಿಂದ ಬಿಟ್ಟು, ಅದಕ್ಕಿಂತ ಕೆಟ್ಟದ್ದನ್ನು ಅದೇ ಭಕ್ತಿಯಿಂದ ತಿನ್ನುತ್ತಿದ್ದಳು. ಬರೀ ಫರಾಳದ ತಿಂಡಿ ಬದಲಿಸಿದರೆ ಸಾಲದು, ಗಾಯ ಮಾಯುವವರೆಗೆ ಉಪವಾಸವನ್ನೇ ನಿಲ್ಲಿಸಬೇಕು, ಇಲ್ಲವಾದರೆ ಬೆರಳು ಉಳಿಯುವುದಿಲ್ಲ ಎಂದು ಬಿಡಿಸಿ ಹೇಳಿದೆ.

ಅವಳು ತಲೆ ಅಲ್ಲಾಡಿಸಿದಳು. ಮೂರು ವರ್ಷದ ಹಿಂದೆ ಅವಳ ಮಗ ಜ್ವರ ಮೆದುಳಿಗೇರಿ ಲಾತೂರಿನ ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದನಂತೆ. ಅವನು ಕಣ್ಣು ಬಿಟ್ಟರೆ ಪ್ರತಿ ಶ್ರಾವಣ ಒಪ್ಪತ್ತು ಮಾಡುತ್ತೇವೆಂದು ಮನೆಯಲ್ಲಿ ಹರಕೆ ಹೊತ್ತರು. ಹುಡುಗ ಎದ್ದು ಕೂತ. ಈಗ ಕಾಲೇಜಿಗೆ ಹೋಗುತ್ತಾನೆ.

"ಬೆರಳ ಹೋದ್ರ ಹೋಗ್ಲಿರಿ ಮ್ಯಾಡಂ. ನಾ ಹರಕಿ ಮುರದು ಅಂವಗ ಏನರ ಆದ್ರ ನಾ ಹ್ಯಾಂಗ ಬದಕ್ಲಿ?"

ಆ ಜ್ವರಕ್ಕೂ ಈ ಉಪವಾಸಕ್ಕೂ ಸಂಬಂಧವಿಲ್ಲ ಎಂದು ಹೇಳಬಹುದಿತ್ತು. ಮಗ ಹಾಗೆ ಮಲಗಿದ್ದನ್ನು ಕಂಡ ತಾಯಿಗೆ ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಚಹಾದ ಕಪ್ಪು ಕೆಳಗಿಟ್ಟೆ.

ಗುರಮ್ಮ ಬತ್ತಿ ಬದಿಗಿಟ್ಟು ಗೋಡೆ ಹಿಡಿದು ಎದ್ದರು. ಬೈಗುಳಕ್ಕೆ ನಾನು ಸಿದ್ಧಳಾದೆ. ಅವರು ಸೊಸೆಯ ಮುಂದಿದ್ದ, ಇನ್ನೂ ಮುಟ್ಟದ ತಾಟನ್ನು ತಮ್ಮತ್ತ ಎಳೆದುಕೊಂಡು ಅಲ್ಲೇ ಕೂತರು.

"ಹರಕಿ ಹೊತ್ತಾಕಿ ನಾ. ಮೊದಲನೇ ವರ್ಷ ನಾನೇ ಹಿಡ್ದಿದ್ದೆ. ಮೊಣಕಾಲ ಬ್ಯಾನಿ ಅಂತ ನಿನಗ ಕೊಟ್ಟೆ. ಈಗ ವಾಪಸ್ ತಗೊಂಡೆ. ಒಳಗ ರೊಟ್ಟಿ ಅದಾವ, ಹಾಕ್ಕೊಂಡು ಬಾ. ಮ್ಯಾಡಂ ಮುಂದ ಉಣ್ಣು."

"ಬ್ಯಾಡ್ರಿ ಅತ್ತಿ, ಈ ವಯಸ್ಸಿನಾಗ ನಿಮಗ ಆಗಂಗಿಲ್ಲ."

"ನನಗೇನ್ ಧಾಡಿ ಆಗ್ಯಾದ? ದೇವ್ರಿಗಿ ಮನಿ ಗೊತ್ತದ. ಅದರಾಗ ಯಾರ ಹೊಟ್ಟಿ ಖಾಲಿ ಅದ ಅಂತ ಅಂವಾ ಕೇಳಂಗಿಲ್ಲ. ಹೋಗು."

ಮಹಾದೇವಿ ಅಳುತ್ತಲೇ ಉಂಡಳು. ನಾನೂ ಕಣ್ಣೊರೆಸಿಕೊಂಡೆ ಎಂದು ಹೇಳಲು ನಾಚಿಕೆಯೇನಿಲ್ಲ. ಆಮೇಲೆ ಕೆಲಸದ ನೆನಪಾಗಿ, ಕೈಚೀಲದಿಂದ ಗ್ಲುಕೋಮೀಟರ್ ತೆಗೆದು ಗುರಮ್ಮನವರ ಬೆರಳಿಗೂ ಚುಚ್ಚಿದೆ. ನನ್ನ ಸಕ್ಕರೆಗಿಂತ ಅವರದೇ ಚೆನ್ನಾಗಿತ್ತು. ಆದರೂ ಬಿಡಲಿಲ್ಲ, ಹಾಲು, ಮೊಸರು, ಬಾಳೆಹಣ್ಣು, ಹುರಿದ ಶೇಂಗಾ ಎಂದು ಅವರಿಗೂ ಒಂದು ಚೀಟಿ ಬರೆದುಕೊಟ್ಟೆ. "ಉಪಾಸಕ್ಕೂ ಚೀಟಿ ಬರೀತಿ ಏನ ತಂಗಿ? ಬಲೇ ಧಂದಾ ನಿಂದು," ಎಂದು ನಕ್ಕರು. ಅವರಿಗೆ ಹೇಳಲೆಂದು ದಾರಿಯಲ್ಲಿ ಹೊಂದಿಸಿಕೊಂಡಿದ್ದ ಮಾತುಗಳನ್ನು ನಾನು ಹಾಗೇ ನುಂಗಿಕೊಂಡು ಬಸ್ಸು ಹತ್ತಿದೆ.

ಉದಗೀರಕ್ಕೆ ಬಂದು ಡಾಕ್ಟರಿಗೆ ವಿಷಯ ತಿಳಿಸಿದೆ, ಅವರು ಏರಿಸಿದ ಡೋಸ್ ಇಳಿಸಿದರು. ಮಹಾದೇವಿಗೆ ತಲೆ ತಿರುಗುವುದು ನಿಂತಿತು. ಸರ್ಜನ್ ಕೊಟ್ಟ ಗಡುವು ಮುಗಿಯುವ ದಿನ ಸಕ್ಕರೆ 170ಕ್ಕೆ ಬಂದಿತ್ತು. ಅವರು ಬೆರಳನ್ನು ತಿರುಗಿಸಿ ನೋಡಿ, ಸತ್ತ ಚರ್ಮವನ್ನಷ್ಟೇ ಕತ್ತರಿಸಿ ಕಳಿಸಿದರು. ದಸರೆಯ ಹೊತ್ತಿಗೆ ಅವಳು ಚಪ್ಪಲಿ ಮೆಟ್ಟಿ ಹೊಲಕ್ಕೆ ಹೋದಳು.

ಅಂದಿನಿಂದ ನನ್ನ ಮುಂದೆ ಯಾರೇ ಬಂದು ಕೂತರೂ ಏನು ಉಣ್ಣುತ್ತೀರಿ ಎಂದಷ್ಟೇ ಕೇಳುವುದಿಲ್ಲ. ಉಣ್ಣದ ದಿನ ಏನು ತಿನ್ನುತ್ತೀರಿ, ಆ ಉಪವಾಸ ಯಾರಿಗಾಗಿ ಮಾಡುತ್ತೀರಿ ಎಂದೂ ಕೇಳುತ್ತೇನೆ. ಕೊನೆಯ ಪ್ರಶ್ನೆಗೆ ಉತ್ತರ ಸಿಕ್ಕರೆ ಚೀಟಿ ಬರೆಯುವುದು ಸುಲಭ. ಆ ಉತ್ತರ ಹೇಳುವವರು ಎಷ್ಟೋ ಸಲ ರೋಗಿಯಲ್ಲ, ಮನೆಯ ಇನ್ನೊಬ್ಬರು. ಅದಕ್ಕೇ ಜೊತೆಗೆ ಬಂದವರನ್ನೂ ಒಳಗೆ ಕರೆದು ಕೂರಿಸುತ್ತೇನೆ.

ಮರುವರ್ಷ ಶ್ರಾವಣ ಹುಟ್ಟುವ ಮುಂಚೆ ಮಹಾದೇವಿ ತಾನಾಗಿಯೇ ಬಂದಳು. ಸಕ್ಕರೆ ಹತೋಟಿಯಲ್ಲಿತ್ತು. ಡಾಕ್ಟರನ್ನು ಕೇಳಿ, ಸೋಮವಾರಗಳ ಉಪವಾಸವನ್ನಷ್ಟೇ ಎಚ್ಚರದಿಂದ ಹಿಡಿಯಬಹುದು, ಏನು ತಿನ್ನಬೇಕೆಂದು ಬರೆದುಕೊಡುತ್ತೇನೆ ಎಂದು ಪೆನ್ನು ತೆಗೆದೆ.

"ಬ್ಯಾಡ್ರಿ ಮ್ಯಾಡಂ," ಎಂದಳು. "ಕೇಳಿ ನೋಡ್ದೆ. ಹರಕಿ ಅತ್ತಿ ವಾಪಸ್ ಕೊಡವಲ್ಲರು."