ಚಕ್ರಕ್ಕೆ ಕೊಟ್ಟ ಕಲ್ಲು

ಪಿಕಪ್ಪಿನ ಹಿಂದೆ ಕಾಂಕ್ರೀಟ್ ಮಿಕ್ಸರ್ ಹೇರಿದ ಟ್ರೈಲರ್ ಸಿಕ್ಕಿಸಿದನೆಂದರೆ ಅರಸೀಕೆರೆಯಿಂದ ಅರೇಹಳ್ಳಿವರೆಗಿನ ರಸ್ತೆ ಇಂದ್ರೇಶನ ಅಪ್ಪನ ಆಸ್ತಿ. ಹಿಂದಿನ ಕಾರಿನವನು ಹಾರನ್ ಹೊಡೆದರೆ, “ಹೆರಿಗೆ ಕೇಸೇನ್ಲಾ?” ಎಂದು ಗೊಣಗಿ ಇನ್ನಷ್ಟು ನಿಧಾನ ಮಾಡುತ್ತಾನೆ. ಬೇಲೂರು ದಾಟಿ ಏರು ಬಂದರೆ ಪಕ್ಕದಲ್ಲಿ ಕೂತ ಗಾರೆ ಮೇಸ್ತ್ರಿಗೆ ಉಸಿರು ಬಿಗಿಹಿಡಿಯಲು ಹೇಳುತ್ತಾನೆ, ಭಾರ ಕಮ್ಮಿಯಾಗುತ್ತದಂತೆ. ಇಳಿಜಾರಿನಲ್ಲಿ ಟ್ರೈಲರ್ ಹಿಂದಿನಿಂದ ನೂಕಿದರೆ, “ತವರಿಗೆ ಹೊಂಟಂಗೆ ಆಡ್ಬೇಡ ಕಣೇ” ಎಂದು ಅದನ್ನೇ ಗದರುತ್ತಾನೆ. ಯಾರಿಗೂ ನಿಲ್ಲದ ಈ ಆಸಾಮಿ ರಸ್ತೆಯಲ್ಲಿ ಕಲ್ಲು ಕಂಡರೆ ಮಾತ್ರ ನಿಲ್ಲುತ್ತಾನೆ. ಏರಿನಲ್ಲಿ ಗಾಡಿ ಹಿಂದಕ್ಕೆ ಜಾರದಿರಲೆಂದು ಚಕ್ರಕ್ಕೆ ಕಲ್ಲು ಕೊಟ್ಟು, ಹೊರಡುವಾಗ ಅಲ್ಲೇ ಬಿಟ್ಟುಹೋಗುವ ಡ್ರೈವರುಗಳ ವಂಶವನ್ನೆಲ್ಲ ಬೈಯುತ್ತ ಅದನ್ನು ಚರಂಡಿಗೆ ಉರುಳಿಸುತ್ತಾನೆ. ಒಂದು ಕಲ್ಲನ್ನು ಮಾತ್ರ ಡ್ಯಾಶ್‌ಬೋರ್ಡಿನ ಮೇಲೆ, ಮಾಲೇಕಲ್ಲು ವೆಂಕಟರಮಣನ ಫೋಟೊ ಪಕ್ಕ ಇಟ್ಟುಕೊಂಡಿದ್ದಾನೆ. ಹತ್ತಿದವರು ಲಿಂಗವೆಂದು ಕೈಮುಗಿದರೆ ಬೇಡ ಎನ್ನುವುದಿಲ್ಲ. ಹೆಂಡತಿ ರುದ್ರಮ್ಮ ಮಾತ್ರ ಕೈಮುಗಿಯುವುದಿಲ್ಲ. ಅದು ಇಂದ್ರೇಶನೇ ಒಮ್ಮೆ ಚಕ್ರಕ್ಕೆ ಕೊಟ್ಟು ಏರಿನಲ್ಲಿ ಬಿಟ್ಟುಬಂದ ಕಲ್ಲು; ಅದೇ ಸಂಜೆ ಅದಕ್ಕೆ ತಗುಲಿ ಉರುಳಿದ್ದು ಅವಳ ಸ್ಕೂಟಿ. ಈಗಲೂ ಅವಳು ಎಡಗಾಲನ್ನು ಕೈಯಿಂದ ಎತ್ತಿಟ್ಟುಕೊಂಡು ಗಾಡಿ ಹತ್ತುತ್ತಾಳೆ. “ಇದನ್ನ ಇನ್ನೂ ಇಟ್ಕಂಡಿದೀರಲ್ಲ” ಎನ್ನುತ್ತಾಳೆ. ಊರಿಗೆಲ್ಲ ಬಾಯಿ ಮಾಡುವ ಇಂದ್ರೇಶ ಆಗ ಗೇರ್ ತಡಕುತ್ತಾನೆ.