ಬಾಗಿಲಿನ ಸರಿ ಗುರುತು

ಚಾಂಪಿಯನ್ ರೀಫ್ಸ್‌ನ ಗಣಿ ಕಾರ್ಮಿಕರ ಲೈನು ಮನೆಗಳಲ್ಲಿ ಆಶಾ ಕಾರ್ಯಕರ್ತೆ ಮುನಿನಾರಾಯಣಮ್ಮ ತಟ್ಟದ ಬಾಗಿಲಿಲ್ಲ. ಕ್ಷಯರೋಗದ ಸರ್ವೆ ಬಂತೆಂದರೆ ಕೈಯಲ್ಲಿ ಸೀಮೆಸುಣ್ಣ. ವಿಚಾರಿಸಿ, ಕೆಮ್ಮಿದ್ದವರಿಗೆ ಕಫ ಪರೀಕ್ಷೆಯ ಡಬ್ಬಿ ಕೊಟ್ಟರೆ ಬಾಗಿಲಿಗೆ ಸರಿ ಗುರುತು; ಬೀಗ ಹಾಕಿದ ಮನೆಗೆ ಅಡ್ಡ ಗೀಟು. ಹೋದ ವರ್ಷ, ಕೊನೆಯ ದಿನ, ಕಾಲು ಸೋತು ಹೋಗಿತ್ತು. ಗಣಿಯಲ್ಲಿ ದುಡಿದಿದ್ದ ಮುದುಕ ಸುಬ್ಬರಾಯಪ್ಪ ಒಳಗೆ ಕೆಮ್ಮುತ್ತಿದ್ದ. ಅವಳು ಬಾಗಿಲು ತಟ್ಟದೆ ಸರಿ ಗುರುತು ಎಳೆದು ಮನೆಗೆ ಹೋದಳು. ಮುದುಕ ತಿಂಗಳೊಳಗೆ ಸತ್ತ. ಸರ್ವೆ ನೂರಕ್ಕೆ ನೂರು ಆಯಿತೆಂದು ಮೀಟಿಂಗಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳೂ ತಟ್ಟಿದಳು.

ಈ ಸಲದ ಸರ್ವೆ ಹೇಗಾಗಿದೆಯೆಂದು ನೋಡಲು ಬಂದ ಅಧಿಕಾರಿ ಸುಧಾಕರ್ ಚೀಟಿ ಎತ್ತಿ ಹತ್ತು ಮನೆ ಆರಿಸಿದ. ಮೊದಲನೆಯದೇ ಸುಬ್ಬರಾಯಪ್ಪನ ಮನೆ. ತುಕ್ಕು ಹಿಡಿದ ಬೀಗ, ಅವಳು ಬೆಳಿಗ್ಗೆ ಎಳೆದಿದ್ದ ಅಡ್ಡ ಗೀಟು.

"ವರ್ಷದಿಂದ ಖಾಲಿ ಸಾರ್."

ಒಳಗಿನಿಂದ ಕೆಮ್ಮು ಕೇಳಿಸಿತು. ಸುಧಾಕರ್ ಬೀಗವನ್ನು ನೋಡಿದ, ಆಮೇಲೆ ಅವಳನ್ನು. ಅವಳ ಚೀಲದೊಳಗೆ ಡಬ್ಬಿಗಳು ಲೊಟಲೊಟ ಅಲ್ಲಾಡಿದವು.

"ಮುನಿನಾರಾಯಣಮ್ಮನೇನಮ್ಮಾ?" ಬಾಗಿಲ ಹಿಂದಿನ ದನಿ ಸಾವಧಾನವಾಗಿ ಕೇಳಿತು. "ಅವತ್ತು ಗುರ್ತು ಆಕ್ಬುಟ್ಟು ಅಂಗೇ ಒಂಟೋದೆ. ನನ್ ಡಬ್ಬಿ ಈಗ್ಲಾದ್ರೂ ಕೊಡಮ್ಮಾ."